ಅಗಲ ಬಾಯಿ ಡಬ್ಬಿ

ಕಲಬುರಗಿಯ ಸೂಪರ್ ಮಾರ್ಕೆಟ್ ಅಂದರೆ ಎ.ಸಿ. ಹಾಕಿದ ಅಂಗಡಿಯಲ್ಲ, ಇಡೀ ಒಂದು ಪೇಟೆ. ಸಿಟಿ ಬಸ್ಸುಗಳ ಹಾರ್ನು, ಬಂಡಿ ಮೇಲಿನ ಹಣ್ಣು, ಬಟ್ಟೆ, ಚಪ್ಪಲಿ, ಮೊಬೈಲ್ ಕವರು, ಪ್ಲಾಸ್ಟಿಕ್ ಸಾಮಾನು ಎಲ್ಲವೂ ಒಂದರ ಮೈಮೇಲೊಂದು. ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ನೆಲ ಕಾಯುವ ಆ ಪೇಟೆಯಲ್ಲಿ ನನ್ನ ಅಕ್ಕನ ಮಗಳು ಡಬ್ಬಿ ಆರಿಸುತ್ತಿದ್ದಳು. ಅಂಗಡಿಯವನು ಒಂದಾದಮೇಲೊಂದು ಇಳಿಸುತ್ತಿದ್ದ. ಅವಳು ಒಂದೊಂದರ ಒಳಗೂ ಕೈ ಇಟ್ಟು ನೋಡಿ ವಾಪಸು ಕೊಡುತ್ತಿದ್ದಳು.

“ಇದು ಒಯ್ರಿ ಅಕ್ಕಾರ, ಉಪ್ಪಿನಕಾಯಿಗಿ ಛಲೋ ಅದ.”

“ಬಾಯಿ ಸಣ್ಣದಾಯ್ತು ಭಾಯಿ. ಕೈ ಒಳಗ ಹೋಗ್ಬೇಕು, ಹೊರಗ ಬರ್ಬೇಕು.”

“ಎಷ್ಟು ಉಪ್ಪಿನಕಾಯಿ ಹಾಕ್ತೀರಿ ನೀವು?”

“ಭಾಳ,” ಅಂದಳು ಆಕೆ, ನಗದೆ.

ಆಕೆ ಪಶುವೈದ್ಯೆ. ಐದೂವರೆ ವರ್ಷದ ಬಿ.ವಿ.ಎಸ್ಸಿ. ಮುಗಿಸಿ ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಪಥಾಲಜಿ ವಿಷಯದಲ್ಲಿ ಎಂ.ವಿ.ಎಸ್ಸಿ.ಗೆ ಸೇರಿದ್ದಾಳೆ. ಮನೆಯಲ್ಲಿ ಯಾರಿಗೂ ಪಥಾಲಜಿ ಅಂದರೆ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ನಾಯಿಗೆ ಸೂಜಿ ಹಾಕುವ ಡಾಕ್ಟರ್ ಆಗುತ್ತಾಳೆ ಎಂದು ಅಕ್ಕ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಸತ್ತ ಪ್ರಾಣಿಯನ್ನು ಕೊಯ್ದು ಯಾಕೆ ಸತ್ತಿತು ಎಂದು ಹುಡುಕುವ ಓದು ಇದು ಎಂದು ತಿಳಿದ ದಿನ ಅಕ್ಕ ಊಟ ಬಿಟ್ಟಳು. ಹುಡುಗಿಗೆ ಅದರಲ್ಲೂ ಮೃಗಾಲಯದ, ಕಾಡಿನ ಪ್ರಾಣಿಗಳ ರೋಗ ಬೇಕಂತೆ. ಬೀದರಿಗೆ ಸಾಮಾನು ಸಾಗಿಸಲು ಒಬ್ಬ ಗಂಡಸು ಬೇಕೆಂದು ಅಕ್ಕ ನನ್ನನ್ನು ಜೊತೆ ಮಾಡಿದಳು. ದಾರಿಯಲ್ಲಿ ಬುದ್ಧಿ ಹೇಳು ಎಂಬುದೂ ಅದರಲ್ಲಿ ಸೇರಿತ್ತು.

ಬುದ್ಧಿ ಹೇಳುವ ಮೊದಲು ಡಬ್ಬಿಯ ಸಂಗತಿ ಕೇಳಿಕೊಂಡೆ. ಕಳೇಬರದಿಂದ ತೆಗೆದ ಪಿತ್ತಜನಕಾಂಗವೋ ಮೂತ್ರಪಿಂಡವೋ ಮೊದಲು ಮೆತ್ತಗಿರುತ್ತದೆ, ಸಣ್ಣ ಬಾಯಿಯ ಬಾಟಲಿಗೂ ಜಾರಿ ಇಳಿದುಬಿಡುತ್ತದೆ. ಹತ್ತು ಪರ್ಸೆಂಟಿನ ಫಾರ್ಮಲಿನ್‌ನಲ್ಲಿ ಒಂದು ದಿನ ಕುಳಿತರೆ ಬೇಯಿಸಿದ ಮೊಟ್ಟೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಹೊರಗೆ ಬರಬೇಕಾದರೆ ಬಾಟಲಿ ಒಡೆಯಬೇಕು. ಅದಕ್ಕೇ ಅಗಲ ಬಾಯಿ. ತುಂಡು ಒಂದು ಸೆಂಟಿಮೀಟರಿಗಿಂತ ದಪ್ಪ ಇರಬಾರದು, ಫಾರ್ಮಲಿನ್ ತುಂಡಿನ ಹತ್ತು ಪಟ್ಟು ಇರಬೇಕು. ಇಲ್ಲದಿದ್ದರೆ ಹೊರಗೆ ಗಟ್ಟಿ, ಒಳಗೆ ಕೊಳೆತ. ಒಳಗೆ ಹಾಕುವ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಬೇಕು, ಪೆನ್ನಿನ ಶಾಯಿ ಕರಗಿ ಯಾವುದು ಯಾರದೆಂದು ತಿಳಿಯದೆ ಹೋಗುತ್ತದೆ. ಹೀಗಾಗಿ ನಮ್ಮ ಚೀಲದಲ್ಲಿ ಡಬ್ಬಿಯ ಜೊತೆ ಪೆನ್ಸಿಲುಗಳ ಕಟ್ಟೂ ಬಂತು. ಬಂಡಿಯೊಂದರಲ್ಲಿ ಥರ್ಮಾಕೋಲ್ ಪೆಟ್ಟಿಗೆ ಸಸ್ತಾ ಸಿಕ್ಕಿತು, ಮೀನು ತರಿಸುವವರು ಬಿಟ್ಟದ್ದು. ವಾಸನೆ ಹೋಗಿರಲಿಲ್ಲ. “ಇರ್ಲಿ ಮಾಮಾ, ಇದಕ್ಕಿಂತ ಕೆಟ್ಟ ವಾಸನಿ ಬರೋದದ,” ಅಂದಳು.

ಬರ್ಫಿನ ಲೆಕ್ಕ ಬೇರೆ. ಸತ್ತ ನವಿಲನ್ನೋ ಮೊಲವನ್ನೋ ಒಳ್ಳೆಯ ಮನಸ್ಸಿನ ಜನ ಡೀಪ್ ಫ್ರೀಜರಿನಲ್ಲಿ ಇಟ್ಟುಬಿಡುತ್ತಾರೆ. ಹೆಪ್ಪುಗಟ್ಟಿದ ನೀರಿನ ಹರಳುಗಳು ಜೀವಕೋಶವನ್ನು ಹರಿದು ಹಾಕುತ್ತವೆ, ಸೂಕ್ಷ್ಮದರ್ಶಕದ ಕೆಳಗೆ ಓದಲು ಏನೂ ಉಳಿಯುವುದಿಲ್ಲ. ತಂಪಾಗಿಡಬೇಕು, ಹೆಪ್ಪುಗಟ್ಟಿಸಬಾರದು. ವೈರಸ್ ಹುಡುಕುವ ತುಂಡು ಮಾತ್ರ ಬೇರೆಯಾಗಿ ಬರ್ಫಿನಲ್ಲಿ ಹೋಗಬೇಕು. ವಿಷದ ಶಂಕೆ ಇದ್ದರೆ ಜಠರದೊಳಗಿನದನ್ನೂ ಪಿತ್ತಜನಕಾಂಗವನ್ನೂ ಫಾರ್ಮಲಿನ್‌ಗೆ ಮುಟ್ಟಿಸದೆ ಉಪ್ಪು ಕರಗುವಷ್ಟು ಕರಗಿಸಿದ ನೀರಿನಲ್ಲಿ ಇಡಬೇಕು. ಒಂದೇ ಪ್ರಾಣಿ ಮೂರು ದಾರಿ ಹಿಡಿದು ಮೂರು ಪ್ರಯೋಗಾಲಯಕ್ಕೆ ಹೋಗುತ್ತದೆ. ಅಂಗಡಿಯವನ ಮುಂದೆ ಇದನ್ನೆಲ್ಲ ಹೇಳಬೇಡ ಎಂದು ನಾನೇ ಕಣ್ಣುಸನ್ನೆ ಮಾಡಿದೆ.

ಬಸ್ಸಿಗೆ ಹೊತ್ತಿತ್ತು, ಪಬ್ಲಿಕ್ ಗಾರ್ಡನ್ ಕಡೆ ಸುತ್ತಿ ಬಂದೆವು. ನಮ್ಮ ಕಾಲದ ಹುಡುಗರಿಗೆಲ್ಲ ಮೃಗಾಲಯವೆಂದರೆ ಅಲ್ಲಿನ ಕಿರು ಮೃಗಾಲಯವೇ. ಜಿಂಕೆಗೆ ಕಡಲೆಕಾಯಿ ಎಸೆದು ಕಾವಲಿನವನ ಕೈಲಿ ಬೈಸಿಕೊಂಡದ್ದು ನೆನಪಿದೆ. ಅಲ್ಲಿನ ಪ್ರಾಣಿ ಸತ್ತರೆ ಏನು ಮಾಡುತ್ತಾರೆ ಎಂದು ಆ ಕಾಲದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ದೇಶದ ಯಾವ ಮೃಗಾಲಯದಲ್ಲಿ ಯಾವ ಪ್ರಾಣಿ ಸತ್ತರೂ ಮರಣೋತ್ತರ ಪರೀಕ್ಷೆ ಆಗಬೇಕು, ದಾಖಲೆ ಇಡಬೇಕು ಎಂದು 2009ರ ಮೃಗಾಲಯ ಮಾನ್ಯತಾ ನಿಯಮ ಹೇಳುತ್ತದೆ. ಹುಲಿಗಂತೂ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ವಿಧಿವಿಧಾನವೇ ಬೇರೆ ಇದೆ. ಯಾರು ಎದುರಿಗಿರಬೇಕು, ಯಾವ ಅಂಗ ತೆಗೆಯಬೇಕು, ಕೊನೆಗೆ ಉಗುರು ಚರ್ಮ ಸಹಿತ ಹೇಗೆ ಸುಡಬೇಕು ಎಲ್ಲವೂ ಬರೆದಿದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತು ಬಿದ್ದಾಗ, ಬಳಿಯಲ್ಲಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದರೆಂದು ಹೊರಬಿದ್ದದ್ದು ಇಂಥ ಕೆಲಸದಿಂದಲೇ. ನಿಯಮ ಬರೆಯುವುದು ಸುಲಭ. ಆ ಕತ್ತಿ ಹಿಡಿದವರಿಗೆ ಹುಲಿಯ ಒಳಗು ಹೇಗಿರುತ್ತದೆ ಎಂದು ಮೊದಲೇ ಗೊತ್ತಿರಬೇಕಲ್ಲ, ಅದನ್ನು ಎಲ್ಲಿ ಕಲಿಯುತ್ತಾರೆ? ನಾನು ಕೇಳಿದ್ದಕ್ಕೆ ಅವಳು “ಎಮ್ಮ್ಯಾಗ” ಅಂದುಬಿಟ್ಟಳು. ತಮಾಷೆ ಅಂದುಕೊಂಡೆ.

ಹುಮನಾಬಾದ್ ರಸ್ತೆಯ ಬಸ್ಸು. ಬೀದರಿಗೆ 2017ರಿಂದ ರೈಲೂ ಇದೆ, ಮರಗುತ್ತಿ ಬಳಿ ಗುಡ್ಡ ಕೊರೆದು ಸುರಂಗ ಮಾಡಿ ತಂದದ್ದು. ಆದರೆ ಡಬ್ಬಿಗಳ ಮೂಟೆ ಹೊತ್ತು ಸ್ಟೇಷನ್ ಮೆಟ್ಟಿಲು ಹತ್ತುವ ಉಮೇದು ನನಗಿರಲಿಲ್ಲ. ಊರು ದಾಟುತ್ತಲೇ ಎರಡೂ ಕಡೆ ತೊಗರಿ ಕಿತ್ತು ಬರಿದಾದ ಕಪ್ಪು ಹೊಲ, ನಡುನಡುವೆ ಜಾಲಿ. ಕಿಟಕಿಯಿಂದ ಬರುವ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಮಹಾಗಾಂವ ಕ್ರಾಸಿನಲ್ಲಿ ನೀರಿನ ಬಾಟಲಿ ಕೊಂಡೆವು. ಐದು ನಿಮಿಷಕ್ಕೆ ಅದೂ ಬಿಸಿ.

ಆ ಬಿಸಿಲೇ ತನ್ನ ಓದಿನ ಮೊದಲ ವೈರಿ ಅನ್ನುತ್ತಾಳೆ ಹುಡುಗಿ. ಉಸಿರು ನಿಂತ ಗಳಿಗೆಯಿಂದ ದೇಹ ತನ್ನನ್ನು ತಾನೇ ಕರಗಿಸಿಕೊಳ್ಳತೊಡಗುತ್ತದೆ. ಕರುಳಿನ ಒಳಪೊರೆ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಮೆಲುಕು ಹಾಕುವ ಪ್ರಾಣಿಯಾದರೆ ಹೊಟ್ಟೆಯೊಳಗಿನ ಹುಳಿ ಕುದಿತ ನಿಲ್ಲುವುದಿಲ್ಲ, ಸತ್ತ ಮೇಲೂ ಮೈ ಕಾವು ಬೇಗ ಆರುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ಚಳಿ ದೇಶದಲ್ಲಿ ಮಾರನೆಯ ದಿನ ಬಂದರೂ ಓದಲು ಬರುವ ಕಳೇಬರ ನಮ್ಮ ಕಡೆ ಏಪ್ರಿಲ್‌ನಲ್ಲಿ ಮಧ್ಯಾಹ್ನದೊಳಗೆ ಹಾಳು. ಬೆಳಿಗ್ಗೆ ಹೊಲದಲ್ಲಿ ಸತ್ತ ಚಿಗರಿಯನ್ನು ಯಾರೋ ನೋಡಿ, ಅರಣ್ಯ ಇಲಾಖೆಗೆ ಫೋನ್ ಹೋಗಿ, ಗಾರ್ಡ್ ಬಂದು, ಪಂಚನಾಮೆ ಬರೆದು, ತಾಲ್ಲೂಕಿನ ಪಶುವೈದ್ಯರು ಬರುವ ಹೊತ್ತಿಗೆ ನಾಲ್ಕು ಗಂಟೆ. ಚಿಗರಿಯೆಂದು ನಾವು ಕರೆಯುವ ಕೃಷ್ಣಮೃಗವಾಗಲಿ ನವಿಲಾಗಲಿ 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯ ಪ್ರಾಣಿ, ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಕಾಯಿದೆ ಇರಬೇಕಾದದ್ದೇ. ಆದರೆ ಅದನ್ನು ಬರೆದವರು ಕಲಬುರಗಿಯ ಏಪ್ರಿಲ್ ಕಂಡಿರಲಿಕ್ಕಿಲ್ಲ.

ಕಲಬುರಗಿಯಿಂದ ಸುಮಾರು 35 ಕಿಲೋಮೀಟರಿಗೆ ಕಮಲಾಪುರ. ಇಲ್ಲೊಂದು ಗೊಂದಲ ಬಿಡಿಸಬೇಕು. ಮೃಗಾಲಯದ ಓದಿನ ಹುಡುಗಿಯ ಜೊತೆ ಕಮಲಾಪುರದಲ್ಲಿ ಇಳಿದೆ ಅಂದಾಗ ಬೆಂಗಳೂರಿನ ಗೆಳೆಯರು ಸಫಾರಿ ನೋಡಿದಿರಾ ಎಂದು ಕೇಳಿದರು. ಅದು ಹಂಪಿ ಮಗ್ಗುಲಿನ ಕಮಲಾಪುರ, ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನ ಇರುವುದು ಅಲ್ಲಿ. ನಮ್ಮ ಕಮಲಾಪುರದಲ್ಲಿ ಹುಲಿಯೂ ಇಲ್ಲ, ಸಿಂಹವೂ ಇಲ್ಲ, ಕೆಂಪು ಬಾಳೆ ಇದೆ. ಗಿಡ ನೆಟ್ಟು ಗೊನೆ ಕಡಿಯಲು ಒಂದೂವರೆ ವರ್ಷ ಬೇಡುವ ಬಾಳೆ, ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಹೆಸರು ಪಡೆದದ್ದು. ಬೆಲೆ ಕೇಳಿದರೆ ಎಣಿಸಿ ತಿನ್ನುವಂತಾಗುತ್ತದೆ. ಇಳಿದು ಡಜನ್ ಕೊಂಡೆವು. ಮುಂದಿನ ಬಸ್ಸಿಗೆ ಹೊತ್ತಿತ್ತು, ರಸ್ತೆ ಬದಿಯ ಬೇವಿನ ಕೆಳಗೆ ಕೂತೆವು. ಅಲ್ಲಿ ನಮಗಿಂತ ಮೊದಲೇ ಕುರಿಹಿಂಡೊಂದು ನೆರಳು ಹಿಡಿದಿತ್ತು.

ಕುರಿಗಾರ ಹಿರಿಯರು. ಹುಡುಗಿ ನೆಲದ ಮೇಲೆ ಕೂತವಳೇ ಮಾತಿಗಿಳಿದಳು. ಡಾಕ್ಟರ್ ಎಂದು ಹೇಳಿಕೊಳ್ಳಲಿಲ್ಲ.

“ಅಜ್ಜಾ, ಚಿಗರಿ ಬರ್ತಾವೇನು ಈ ಕಡಿ?”

“ಬರ್ತಾವವ್ವಾ. ತೊಗರಿ ಕಿತ್ತ ಮ್ಯಾಲ ಹೊಲದಾಗ ಅವೂ ಮೇಯ್ತಾವ, ನಮ್ಮವೂ ಮೇಯ್ತಾವ. ನೀರೂ ಒಂದೇ ಹಳ್ಳದ್ದು.”

“ಸತ್ತದ್ದು ಕಂಡೀರೇನು?”

“ಕಂಡೀನಿ. ನಾವು ಹೋಗೋದ್ರಾಗ ನಾಯಿ ತಿಂದಿರ್ತಾವ. ಮೊದಲ ಹದ್ದು ಬರ್ತಿದ್ದು, ಈಗ ಎಲ್ಲಿ ಅವ?”

ಈ ಕಡೆಯ ಮಾತಿನಲ್ಲಿ ಹದ್ದೆಂದರೆ ರಣಹದ್ದೂ ಹೌದು. ಅವು ಎಲ್ಲಿ ಹೋದವು ಎಂಬುದಕ್ಕೆ ಉತ್ತರ ಕೊಟ್ಟದ್ದು ಹುಡುಗಿ ಕಲಿಯುತ್ತಿರುವ ವಿದ್ಯೆಯೇ. ತೊಂಬತ್ತರ ದಶಕದಲ್ಲಿ ಉಪಖಂಡದ ರಣಹದ್ದುಗಳು ಗುಂಪುಗುಂಪಾಗಿ ಸಾಯತೊಡಗಿದಾಗ ಹೊಸ ವೈರಸ್ ಎಂದೇ ಬಹಳ ಜನ ನಂಬಿದ್ದರು. ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದ ಲಿಂಡ್ಸೆ ಓಕ್ಸ್ ತಂಡಕ್ಕೆ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲ ಕಂಡಿತು. ಅಂದರೆ ಮೂತ್ರಪಿಂಡ ಕೈಕೊಟ್ಟಿದೆ. ವೈರಸ್ ಹುಡುಕಿದರು, ಸಿಗಲಿಲ್ಲ. ಹಾಗಾದರೆ ತಿಂದದ್ದರಲ್ಲಿ ಏನಿತ್ತು ಎಂದು ಕೇಳಿದರು. ನೋವಿಗೆಂದು ದನಗಳಿಗೆ ಕೊಡುವ ಡೈಕ್ಲೋಫಿನ್ಯಾಕ್ ಎಂದು 2004ರಲ್ಲಿ ಗೊತ್ತಾಯಿತು. 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಬಹುಪಾಲು ಹಕ್ಕಿ ಮುಗಿದಿತ್ತು. ಹಕ್ಕಿ ಬಿಟ್ಟ ಊಟಕ್ಕೆ ನಾಯಿ ಬಂತು. ನಾಯಿಯ ಜೊತೆ ರೇಬೀಸ್ ಇದೆ, ಡಿಸ್ಟೆಂಪರ್ ಇದೆ. 2018ರಲ್ಲಿ ಗುಜರಾತಿನ ಗೀರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪತ್ತೆಯಾದ ವೈರಸ್ ಈ ನಾಯಿ ಡಿಸ್ಟೆಂಪರ್‌ದೇ.

ಅಜ್ಜನಿಗೆ ಇದರಲ್ಲಿ ಆಸಕ್ತಿ ಬರಲಿಲ್ಲ. ಗಳಲೆ ಬೇನೆಯ ಮಾತು ಬಂದಾಗ ಮಾತ್ರ ಎದ್ದು ಕೂತರು. ಮಳೆ ಹಿಡಿಯುವ ಮುಂಚೆ ದನ, ಎಮ್ಮೆಗೆ ಸರ್ಕಾರದವರು ಸೂಜಿ ಹಾಕುತ್ತಾರಲ್ಲ, ಅದೇ ಬೇನೆ. ಗಂಟಲು ಬಾತು, ಗೊರಗೊರ ಉಸಿರು, ಬೆಳಿಗ್ಗೆ ಮೇಯ್ದ ಎಮ್ಮೆ ಸಂಜೆಗೆ ಇಲ್ಲ. ತಾವು ಹುಡುಗರಿದ್ದಾಗ ಒಂದೇ ವಾರದಲ್ಲಿ ಕೊಟ್ಟಿಗೆ ಖಾಲಿಯಾದದ್ದನ್ನು ಅವರು ಎಮ್ಮೆಗಳ ಹೆಸರು ಹಿಡಿದು ಹೇಳಿದರು. ಅದನ್ನು ತರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಹೊರಗಿನಿಂದಲೇ ಬರಬೇಕೆಂದಿಲ್ಲ. ಗಟ್ಟಿಮುಟ್ಟಾದ ಪ್ರಾಣಿಯ ಗಂಟಲ ಗ್ರಂಥಿಯಲ್ಲೇ ಸುಮ್ಮನಿರುತ್ತದೆ. ಹವೆ ಬದಲಾದರೆ, ದಣಿದರೆ, ಬೆದರಿದರೆ ರಕ್ತಕ್ಕಿಳಿಯುತ್ತದೆ.

ಅಜ್ಜನ ಮಾತು ನಡೆದಿದ್ದಾಗ ಹುಡುಗಿ ನನ್ನ ಕಡೆ ನೋಡಿದಳು. “ಮಾಮಾ, ಬೆಳಗಾವ್ಯಾಗ ಆದದ್ದು ಇದೇ.” 2025ರ ನವೆಂಬರ್‌ನಲ್ಲಿ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 30ರಷ್ಟು ಕೃಷ್ಣಮೃಗಗಳು ಸತ್ತವು. ಟಿ.ವಿ.ಯಲ್ಲಿ ನಾನೂ ನೋಡಿದ್ದೆ, ವಿಷವೋ ನಿರ್ಲಕ್ಷ್ಯವೋ ಎಂದು ಕೂಗಾಡುತ್ತಿದ್ದರು. ಪ್ರಯೋಗಾಲಯದಿಂದ ಬಂದ ಹೆಸರು ಗಳಲೆ ರೋಗ. ಅಜ್ಜನ ಕೊಟ್ಟಿಗೆ ಖಾಲಿ ಮಾಡಿದ್ದೇ ಬೇಲಿಯೊಳಗಿನ ಚಿಗರಿಯನ್ನೂ ಖಾಲಿ ಮಾಡಿತ್ತು. ಅದಕ್ಕೂ ಹತ್ತು ವರ್ಷದ ಹಿಂದೆ, 2015ರ ಮೇ ತಿಂಗಳಲ್ಲಿ, ಕಝಾಕಿಸ್ತಾನದ ಬಯಲಿನಲ್ಲಿ ಸೈಗಾ ಎಂಬ ಚಿಗರಿ ಜಾತಿಯ 2 ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಮೂರು ವಾರದೊಳಗೆ ಮಲಗಿಬಿಟ್ಟವು. ಮರಿ ಹಾಕುವ ಕಾಲ, ತಾಯಿ ಸತ್ತ ಮೇಲೆ ಮರಿ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ರಿಚರ್ಡ್ ಕಾಕ್ ಮತ್ತು ಜೊತೆಗಾರರು ಕಳೇಬರ ಕೊಯ್ದು, ಹವಾಮಾನದ ದಾಖಲೆ ತೆಗೆದು ನೋಡಿದರು. ಅದೇ ಪಾಶ್ಚುರೆಲ್ಲಾ. ಆ ವಾರಗಳಲ್ಲಿ ಎಂದಿಗಿಂತ ಸೆಖೆ, ಎಂದಿಗಿಂತ ತೇವ. ಅದರಿಂದಲೇ ಸುಮ್ಮನಿದ್ದ ಬ್ಯಾಕ್ಟೀರಿಯಾ ಎಚ್ಚೆತ್ತಿರಬೇಕು ಎಂದು 2018ರಲ್ಲಿ ಬರೆದರು.

ಇಷ್ಟಾದ ಮೇಲೆ “ಎಮ್ಮ್ಯಾಗ” ಎಂಬ ಅವಳ ಉತ್ತರ ತಮಾಷೆ ಅನ್ನಿಸಲಿಲ್ಲ. ಎಮ್ಮೆಯ ಗಂಟಲಲ್ಲಿ ಗಳಲೆಯ ಬಾವು ಕೈಯಾರೆ ಕೊಯ್ದು ಕಂಡವರಿಗೆ ಚಿಗರಿಯ ಗಂಟಲಿನ ಬಾವು ಪರಿಚಯದ್ದು. ಕಾಡಿನ ರೋಗವೆಂದು ನಾವು ದೂರ ಇಡುವುದರಲ್ಲಿ ಹೆಚ್ಚಿನದು ನಮ್ಮ ಕೊಟ್ಟಿಗೆ, ಕುರಿಹಟ್ಟಿ, ಬೀದಿನಾಯಿಯ ರೋಗ. 1968ರಲ್ಲಿ ಬಂಡೀಪುರ, ಮುದುಮಲೈಯ ಕಾಟಿಗಳನ್ನು ಹೇಳಹೆಸರಿಲ್ಲದಂತೆ ಮಾಡಿದ್ದು ದನದ ರಿಂಡರ್‌ಪೆಸ್ಟ್. ಬನ್ನೇರುಘಟ್ಟದಲ್ಲಿ 2023ರಲ್ಲಿ ಏಳು ಚಿರತೆ ಮರಿಗಳನ್ನು ಕೊಂದದ್ದು ಮನೆಬೆಕ್ಕಿಗೂ ಬರುವ ಪ್ಯಾನ್‌ಲ್ಯುಕೋಪೀನಿಯಾ, ಅದೂ ಲಸಿಕೆ ಹಾಕಿಸಿಕೊಂಡ ಮರಿಗಳನ್ನು. ಕಾಡಿನಿಂದ ನಮ್ಮ ಕಡೆ ಬಂದದ್ದಕ್ಕೆ ಕರ್ನಾಟಕದ್ದೇ ಹೆಸರಾಂತ ಕಥೆ 1957ರದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಮಂಗಗಳು ಉದುರಿದವು, ಕಾಡಿಗೆ ಹೋಗಿಬಂದ ಜನ ಜ್ವರದಿಂದ ಮಲಗಿದರು. ಮಂಗ ಸಾಯುತ್ತಿದೆಯೆಂದರೆ ಆಫ್ರಿಕಾದ ಹಳದಿ ಜ್ವರವೇ ಬಂತೇನೋ ಎಂಬ ದಿಗಿಲಿನಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಸತ್ತ ಮಂಗನಲ್ಲೂ ಜ್ವರದ ಮನುಷ್ಯನಲ್ಲೂ ಒಂದೇ ವೈರಸ್ ಸಿಕ್ಕಿತು, ಜಗತ್ತಿಗೇ ಹೊಸತು, ಉಣ್ಣೆಯಿಂದ ಹರಡುವುದು. ಇವತ್ತಿಗೂ ಮಲೆನಾಡಿನಲ್ಲಿ ಮಂಗ ಸತ್ತು ಬಿದ್ದರೆ ಆರೋಗ್ಯ ಇಲಾಖೆಯ ಜೀಪು ಬರುತ್ತದೆ. ಸತ್ತ ಪ್ರಾಣಿಗೆ ನಮ್ಮ ರಾಜ್ಯದಲ್ಲಿ ಅಷ್ಟು ಮರ್ಯಾದೆ ಸಿಗುವುದು ಅದೊಂದೇ ಕಡೆ.

ಎಲ್ಲಾ ಕಳೇಬರವನ್ನೂ ಕೊಯ್ಯುವಂತಿಲ್ಲ ಎಂಬುದೂ ಈ ಓದಿನ ಪಾಠ. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಆಂಥ್ರಾಕ್ಸ್ ಎಂದು ಶಂಕಿಸಿ ಮೊದಲು ಕಿವಿಯ ರಕ್ತದ ಒಂದು ಹನಿ ಗಾಜಿನ ಮೇಲೆ ನೋಡಬೇಕು. ಹೌದಾದರೆ ಕತ್ತಿ ಒಳಗಿಡಬೇಕು. ಕೊಯ್ದರೆ ಗಾಳಿ ತಾಗಿ ಬ್ಯಾಕ್ಟೀರಿಯಾ ಬೀಜಕದ ಕವಚ ಕಟ್ಟಿಕೊಳ್ಳುತ್ತದೆ, ಆ ನೆಲ ಹತ್ತಾರು ವರ್ಷ ಕೆಟ್ಟಂತೆ. ಅಜ್ಜ ಇದಕ್ಕೆ ತಲೆಯಾಡಿಸಿದರು. ತಮ್ಮ ಹಿರಿಯರು ಹಾಗೆ ಸತ್ತದ್ದನ್ನು ಸುಲಿಯಲು ಬಿಡುತ್ತಿರಲಿಲ್ಲವಂತೆ.

ಮುಂದಿನ ಬಸ್ಸಿನಲ್ಲಿ ಹುಮನಾಬಾದಿನವರೆಗೆ ಸೀಟು ಸಿಗಲಿಲ್ಲ. ಕಂಡಕ್ಟರ್ ಥರ್ಮಾಕೋಲ್ ಪೆಟ್ಟಿಗೆಗೆ ಲಗೇಜ್ ಟಿಕೆಟ್ ಹರಿಯಲೋ ಬೇಡವೋ ಎಂದು ಎರಡು ಸಲ ಮೂಸಿ ನೋಡಿ ಬಿಟ್ಟುಕೊಟ್ಟ. ನಿಂತುಕೊಂಡೇ ಮುಂದೆ ಎಲ್ಲಿಗೆಲ್ಲ ಹೋಗಬೇಕಾಗಬಹುದು ಎಂದು ಕೇಳಿದೆ. ವನ್ಯಜೀವಿಯೇ ಬೇಕೆಂದರೆ ಬೀದರಿನ ವಿಶ್ವವಿದ್ಯಾಲಯದ್ದೇ ವನ್ಯಜೀವಿ ಪಶುವೈದ್ಯ ಸಂಶೋಧನಾ ಸಂಸ್ಥೆ ಇದೆ, ಆದರೆ ಅದು ಕೊಡಗಿನ ದೊಡ್ಡಳುವಾರದಲ್ಲಿ, ರಾಜ್ಯದ ಇನ್ನೊಂದು ತುದಿ. ಬರೇಲಿ ಬಳಿಯ ಇಜ್ಜತ್‌ನಗರದಲ್ಲಿ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ವನ್ಯಜೀವಿ ಕೇಂದ್ರ. ಎಲ್ಲಕ್ಕಿಂತ ಹತ್ತಿರದ್ದು ಹೈದರಾಬಾದಿನ ಲಾಕೋನ್ಸ್, 2021ರಲ್ಲಿ ಅಲ್ಲಿನ ನೆಹರೂ ಮೃಗಾಲಯದ ಎಂಟು ಸಿಂಹಗಳಿಗೆ ಕೋವಿಡ್ ಇದೆಯೆಂದು ಪತ್ತೆ ಮಾಡಿದ ಪ್ರಯೋಗಾಲಯ. ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಯಾವತ್ತೂ ಹತ್ತಿರ, ಕಾಯಿಲೆಗೂ ಮದುವೆ ಸೀರೆಗೂ. ಕಲ್ಯಾಣ ಕರ್ನಾಟಕದ ಹೊಲಗಳಲ್ಲಿ ಚಿಗರಿ, ತೋಳ ಇದ್ದಾವೆ, 2011ರಿಂದ ಚಿಂಚೋಳಿಯಲ್ಲಿ ವನ್ಯಧಾಮ ಇದೆ. ಅಲ್ಲಿ ಸತ್ತದ್ದರ ತುಂಡು ಮಾತ್ರ ಬರ್ಫಿನ ಪೆಟ್ಟಿಗೆಯಲ್ಲಿ ಊರೂರು ಅಲೆಯಬೇಕು. ಪಶು ವಿಶ್ವವಿದ್ಯಾಲಯವೇ ಇರುವ ಸೀಮೆಗೆ ಇದು ಭೂಷಣವಲ್ಲ. ಚಿಂಚೋಳಿಗೂ ಬೀದರಿಗೂ ನಡುವೆ ಒಂದು ತಂಪು ಗಾಡಿ ಓಡಿದರೆ ಸಾಕು, ಅರ್ಧ ಕೆಲಸ ಆದಂತೆ. ದೊಡ್ಡ ಕಟ್ಟಡ ಆಮೇಲೆ ಕಟ್ಟಿಸಿಕೊಳ್ಳಲಿ.

ನಂದಿನಗರದ ಆವರಣ ತಲುಪಿದಾಗ ಹೊತ್ತು ಇಳಿದಿತ್ತು. ಹಾಸ್ಟೆಲಿಗೆ ಸಾಮಾನು ಹಾಕಿ, ವಿಭಾಗ ತೋರಿಸು ಎಂದೆ. ಮೇಣದಲ್ಲಿ ಹುದುಗಿಸಿದ ಅಂಗಾಂಶವನ್ನು ನಾಲ್ಕೈದು ಮೈಕ್ರಾನ್ ತೆಳ್ಳಗೆ ಹೆರೆಯುವ ಯಂತ್ರ, ಬಣ್ಣದ ಬಟ್ಟಲುಗಳು. ಜೀವಕೋಶದ ನಡುವಿನ ಕೇಂದ್ರಕ್ಕೆ ನೀಲಿ ಹಿಡಿಸುವ ಹೆಮಟಾಕ್ಸಿಲಿನ್ ಅಮೆರಿಕ ಖಂಡದ ಒಂದು ಮರದ ಕಾಂಡದಿಂದ ಬಂದದ್ದಂತೆ, ಸುತ್ತಲಿನದಕ್ಕೆ ಇಯೋಸಿನ್ನಿನ ಗುಲಾಬಿ. ಕಣ್ಣಿಟ್ಟು ನೋಡಿದೆ. ನನಗೆ ಬರೀ ಗುಲಾಬಿ ಕಂಡಿತು. ಪಕ್ಕದಲ್ಲಿ ನಿಂತ ಸೀನಿಯರ್ ಹುಡುಗ ಇದು ಕೋಳಿಯ ಪಿತ್ತಜನಕಾಂಗ, ಇಲ್ಲಿ ಸತ್ತಿದೆ, ಇಲ್ಲಿ ಇನ್ನೂ ಹೋರಾಡುತ್ತಿದೆ ಎಂದು ಬೆರಳು ತೋರಿಸದೆ ಬಾಯಲ್ಲೇ ದಾರಿ ಹೇಳಿದ. ಅದನ್ನು ಓದಲು ಎರಡು ವರ್ಷ ಸಾಕೇ ಎಂದೆ. ಎರಡು ವರ್ಷಕ್ಕೆ ಯಾವುದು ಸರಿ ಇದೆ ಎಂದು ಗೊತ್ತಾಗುತ್ತದೆ ಸರ್, ಯಾವುದು ತಪ್ಪು ಎಂದು ತಿಳಿಯಲು ಪಿ.ಎಚ್‌ಡಿ. ಮಾಡಬೇಕು ಅಂದ.

ಪ್ರಬಂಧಕ್ಕೆ ಏನು ವಿಷಯ ಎಂದು ವಾಪಸು ಬರುವಾಗ ಕೇಳಿದೆ. ಹುಲಿ ಇಲ್ಲದಿದ್ದರೆ ಚಿಗರಿಯಾದರೂ ಇದ್ದೀತು, ಅಕ್ಕನಿಗೆ ಹೇಳಿದರೆ ಒಂದಿಷ್ಟು ಸಮಾಧಾನವಾದೀತು ಎಂಬ ಲೆಕ್ಕ ನನ್ನದು.

“ಕುರಿ ಪುಪ್ಪುಸ, ಮಾಮಾ. ನ್ಯುಮೋನಿಯಾ.”

“ಮತ್ತ ಕಾಡಿನ ಪ್ರಾಣಿ?”

“ಕುರಿದು ನೂರಾರು ನೋಡಿದ ಮ್ಯಾಲ ಚಿಗರಿದು ಒಂದು ಬಂದ್ರ ಗುರ್ತು ಹತ್ತತದ ಅಂದ್ರು ಗೈಡ್. ಹೌದಲ್ಲ?”

ಪುಪ್ಪುಸ ತರಲು ಕಸಾಯಿಖಾನೆಗೆ ನಸುಕಿನಲ್ಲೇ ಹೋಗಬೇಕು, ಕೊಯ್ದ ಬಿಸಿಯಲ್ಲೇ ತುಂಡು ತೆಗೆಯಬೇಕು. ಹೆಣ್ಣುಮಕ್ಕಳು ಅಲ್ಲಿ ಹೋಗುವುದಿಲ್ಲ, ಯಾರಾದರೂ ಹುಡುಗರನ್ನು ಕಳಿಸು ಎಂದು ಹಾಸ್ಟೆಲಿನ ಬಾಗಿಲಲ್ಲಿದ್ದ ಯಾರೋ ಹೇಳಿದರು. ಅವಳು ಅದಕ್ಕೆ ಉತ್ತರ ಕೊಡಲಿಲ್ಲ. ತನ್ನ ಅಳತೆಯ ಗಮ್‌ಬೂಟು ಬೀದರಿನಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಅವರನ್ನೇ ಕೇಳಿದಳು.